ಬಿಳಿಚೋಡಿನ ಸಿಗ್ನಲ್ ಪಾಯಿಂಟು

ಚನ್ನಗಿರಿಯ ನಮ್ಮ ಮನೆಯಲ್ಲಿ ಮೊಬೈಲಿಗೆ ಸರಿಯಾಗಿ ಸಿಗ್ನಲ್ ಸಿಗುವುದು ಅಡುಗೆಮನೆಯ ಅಕ್ಕಿ ಡಬ್ಬದ ಮೇಲೆ ಮಾತ್ರ. ಈ ಮಹತ್ತರ ಸಂಶೋಧನೆಯ ಕರ್ತೃ ನಾನೇ. ಮೇಷ್ಟರುಗಳೆಲ್ಲ ಮನೆಯಲ್ಲಿ ಕೂತೇ ಆನ್‌ಲೈನ್ ತರಬೇತಿ ಪಡೆಯತಕ್ಕದ್ದು ಎಂದು ನಮ್ಮ ಕಾಲೇಜಿನಿಂದ ಆಜ್ಞೆಯಾದಾಗ, ಸಿಗ್ನಲ್ ಅಳೆಯುವ ಆ್ಯಪೊಂದನ್ನು ಇಳಿಸಿಕೊಂಡು, ಮೊಬೈಲನ್ನು ಆರತಿ ತಟ್ಟೆಯ ಹಾಗೆ ಹಿಡಿದು, ಪಡಸಾಲೆಯಿಂದ ಬಚ್ಚಲಿನವರೆಗೆ ಪ್ರದಕ್ಷಿಣೆ ಬಂದು, ಕಡೆಗೆ ಆ ಡಬ್ಬದ ಸನ್ನಿಧಿಯಲ್ಲಿ ನನಗೆ ಜ್ಞಾನೋದಯವಾಯಿತು. ಆಮೇಲೆ ಒಂದು ವಾರ ನನ್ನ ಹೆಂಡತಿ ಅನ್ನಕ್ಕೆ ಅಕ್ಕಿ ತೆಗೆಯಲು ನನ್ನ ಅಪ್ಪಣೆಗಾಗಿ ಕಾಯಬೇಕಾಯಿತು.

ಆ ಆ್ಯಪಿನ ಲೆಕ್ಕಾಚಾರವೇ ವಿಲಕ್ಷಣ. ಅದರಲ್ಲಿ ಸಿಗ್ನಲ್ಲೆಲ್ಲ ಮೈನಸ್. ಮೈನಸ್ ನೂರಹತ್ತಾದರೆ ಮಾತು ತುಂಡುತುಂಡಾಗುತ್ತದೆ, ಮೈನಸ್ ಎಂಬತ್ತಾದರೆ ಧಾರಾಳ. ಒಳ್ಳೆಯದು ಎಂಬುದೇ ಅಲ್ಲಿಲ್ಲ, ಇರುವುದು ಕಡಿಮೆ ಕೆಟ್ಟದ್ದು ಮಾತ್ರ. ಐವತ್ತು ದಾಟಿದವರಿಗೆ ಈ ಗಣಿತವನ್ನು ಯಾರೂ ವಿವರಿಸಬೇಕಾಗಿಲ್ಲ. ಮಂಡಿ, ಬೆನ್ನು, ಉತ್ಸಾಹ ಎಲ್ಲವನ್ನೂ ನಾವು ಈಗ ಅಳೆದುಕೊಳ್ಳುತ್ತಿರುವುದು ಇದೇ ಮಾಪನದಲ್ಲಿ.

ವಿದ್ಯೆ ಗುಟ್ಟಾಗಿ ಉಳಿಯಲಿಲ್ಲ. ಹೊನ್ನಾಳಿಯ ಷಡ್ಡಕ ಕರೆಸಿಕೊಂಡ. ಅವನ ಮನೆಯ ಸಿಗ್ನಲ್ ಬಚ್ಚಲಿನಲ್ಲಿ ಪತ್ತೆಯಾಗಿ, ಅಂದಿನಿಂದ ನಾದಿನಿ ನನ್ನೊಡನೆ ಮಾತು ಕಡಿಮೆ ಮಾಡಿದಳು. ನ್ಯಾಮತಿಯ ಗೆಳೆಯನ ಬಟ್ಟೆ ಅಂಗಡಿಯಲ್ಲಿ ಸೀರೆ ಬೀರುವಿನ ಹಿಂದೆ ಸಿಕ್ಕಿತು. ಅವನು ಗಲ್ಲಾಪೆಟ್ಟಿಗೆಯನ್ನೇ ಅಲ್ಲಿಗೆ ಸಾಗಿಸಿದ. ಹೀಗೆ ನನ್ನ ಭಾನುವಾರಗಳು ಒಂದೊಂದಾಗಿ ಪರೋಪಕಾರಕ್ಕೆ ಬಲಿಯಾದವು. ನಿಮ್ಮೊಡನೆ ಮುಚ್ಚುಮರೆ ಏಕೆ, ನನಗೆ ಸಾಕುಸಾಕಾಗಿತ್ತು.

ಅಂಥ ಹೊತ್ತಿನಲ್ಲಿ ಬಿಳಿಚೋಡಿನಿಂದ ಅಕ್ಕನ ಮಗ ಮಹೇಶ ಕರೆದ. ಭಾವ ಸೊಂಟ ಮುರಿದುಕೊಂಡು ಮಂಚ ಹಿಡಿದು ತಿಂಗಳುಗಳಾಗಿದ್ದವು. ಮಹೇಶ ಹಗಲೆಲ್ಲ ಜಗಳೂರಿನ ಗೊಬ್ಬರದಂಗಡಿಯಲ್ಲಿರುತ್ತಾನೆ, ಆರೈಕೆಯೆಲ್ಲ ಅಕ್ಕನದೇ. ಮನೆಯಲ್ಲಿ ಸಿಗ್ನಲ್ ಸಿಗದೆ ಅವಳು ದಿನಾ ಸಂಜೆ ಊರಾಚೆಯ ಒಕ್ಕಣೆ ಕಣದವರೆಗೆ ನಡೆದು ಹೋಗಿ ಫೋನ್ ಮಾಡುತ್ತಾಳಂತೆ. "ಅವ್ವಂಗೆ ಮಂಡಿನೋವು ಬ್ಯಾರೆ ಐತೆ ಮಾವ. ಮನಿಯೊಳಗೇ ಒಂದು ಪಾಯಿಂಟ್ ನೋಡಿಕೊಡ್ರಿ," ಎಂದ. ಹುಡುಗನ ಅಂತಃಕರಣಕ್ಕೆ ಇಲ್ಲವೆನ್ನಲಾಗಲಿಲ್ಲ.

ಪಾಯಿಂಟ್ ಎಂಬುದು ಆ ಒಣಸೀಮೆಯಲ್ಲಿ ಬೋರ್‌ವೆಲ್ಲಿನ ಮಾತು. ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ಒಬ್ಬ ಹೊಲದಲ್ಲಿ ನಡೆಯುತ್ತಾನೆ. ಕಾಯಿ ಎದ್ದು ನಿಂತಲ್ಲಿ ನೀರು. ಅಲ್ಲೊಂದು ಕಲ್ಲಿಟ್ಟು ಕುಂಕುಮ ಹಚ್ಚುತ್ತಾರೆ. ನನಗೂ ಅದೇ ರಾಜಮರ್ಯಾದೆ ಸಂದಿತು. ಮಹೇಶ ಚಪ್ಪಲಿ ಬಿಡಿಸಿದ, ಈಶಾನ್ಯ ಮೂಲೆಯಿಂದಲೇ ಶುರುಮಾಡಿಸಿದ, ಆಮೇಲೆ ಗುರುತು ಹಾಕಲು ಸೀಮೆಸುಣ್ಣ ಹುಡುಕಿಕೊಂಡು ಹೊರಗೆ ಹೋದ. ಅವನ ಸಿಮ್ಮು ಬೇರೆ ಕಂಪನಿಯದು, ಆ ಮನೆಯೊಳಗೆ ಅದಕ್ಕೆ ನಿಜವಾಗಿಯೂ ಉಸಿರಿಲ್ಲ. ಅಕ್ಕ, ಭಾವ, ನಾನು ಮೂವರದೂ ಒಂದೇ ಕಂಪನಿ. ನಡುಮನೆಯಲ್ಲಿ ಭಾವ ಕಣ್ಣುಮುಚ್ಚಿ ಮಲಗಿದ್ದರು. ಯಾವತ್ತೋ ಆಫ್ ಮಾಡಿಟ್ಟ ಅವರ ಫೋನು ದಿಂಬಿನ ಪಕ್ಕ ಬಿದ್ದಿತ್ತು. ಅವರ ಮಂಚದ ಹತ್ತಿರ ಹೋದದ್ದೇ ತಡ, ನನ್ನ ಕಾಯಿ ಎದ್ದು ನಿಂತಿತು. ಮೈನಸ್ ಎಂಬತ್ತು.

ಅಕ್ಕ ಟೀ ಕೊಡುವ ನೆಪದಲ್ಲಿ ನನ್ನನ್ನು ಒಳಗೆ ಕರೆದಳು.

"ಸಿಕ್ತಾ?"

"ಹೂಂ ಅಕ್ಕ, ಚೆನ್ನಾಗೇ ಐತೆ."

"ಮಹೇಶಂಗೆ ಹೇಳಬ್ಯಾಡ."

ಏಕೆ ಎಂದೆ. ಅವಳು ಒಲೆಯ ಕಡೆ ನೋಡುತ್ತ ಮೆಲ್ಲಗೆ ಹೇಳಿದಳು: "ಬೆಳಗಾದ್ರೆ ಮಗ್ಗಲು ಹೊರಳಿಸು, ಮೈ ಒರೆಸು, ಮಾತ್ರೆ ಕೊಡು. ಮಾಡಾಕೆ ಬ್ಯಾಸರ ಇಲ್ಲ ಕಣೋ. ಸಂಜಿಗೆ ಪಕ್ಕದ ಮನಿಯಾಕೆ ಬಂದು ಕುಂತ್ಕಂತಾಳೆ. ನಾನು ಹೋಗಿ ಕಣದಾಗೆ ಬೇವಿನಮರದ ಕೆಳಗೆ ಕುಂತಿರ್ತೀನಿ."

ಯಾರಿಗೆ ಫೋನ್ ಮಾಡುತ್ತೀ ಎಂದೆ.

"ಯಾರಿಗೂ ಇಲ್ಲ. ಸುಮ್ನೆ ಕುಂತ್ಕಳಾಕೆ ಹೋಗ್ತೀನಿ ಅಂತ ಹೆಂಗೆ ಹೇಳ್ಲಿ? ಫೋನ್ ಅಂದ್ರೆ ಯಾರೂ ಏನೂ ಕೇಳಲ್ಲ."

ದಣಿವಾಗಿದೆ ಎಂದು ನಾನು ಊರಿಗೆಲ್ಲ ಡಂಗುರ ಸಾರಿಕೊಂಡು ತಿರುಗುತ್ತೇನೆ, ಇದೋ ಈ ಪ್ರಬಂಧದಲ್ಲೂ ಸಾರಿದ್ದೇನೆ. ಅಕ್ಕನಿಗೆ ಒಂದಿಷ್ಟು ಹೊತ್ತು ಏನೂ ಮಾಡದೆ ಕೂರುವುದಕ್ಕೂ ಒಂದು ಕೆಲಸದ ಸೋಗು ಬೇಕಾಗಿತ್ತು. ಮಗನ ಪ್ರೀತಿ, ನನ್ನ ವಿದ್ಯೆ ಎರಡೂ ಸೇರಿ ಅದನ್ನು ಕಸಿದುಕೊಳ್ಳಲು ಹೊರಟಿದ್ದವು.

ಸೀಮೆಸುಣ್ಣದೊಂದಿಗೆ ಬಂದ ಮಹೇಶನಿಗೆ, "ಒಳಗೆ ಎಲ್ಲೂ ಇಲ್ಲಪ್ಪ," ಎಂದೆ. ಅವನ ಮುಖ ಬಾಡಿತು. ಕಣಕ್ಕೆ ಕರೆದೊಯ್ದ. ಅಲ್ಲಿ ಆ್ಯಪು ಮೈನಸ್ ನೂರೈದು ತೋರಿಸುತ್ತಿತ್ತು. ನಾನು ಗಂಭೀರವಾಗಿ ಬೇವಿನಮರದ ಬುಡ ತೋರಿಸಿ ಕಲ್ಲಿಡಿಸಿದೆ. ಪಾಯಿಂಟ್ ನೋಡುವವರು ಹೇಳಿದ್ದೆಲ್ಲ ನಿಜವಾಗಬೇಕೆಂದು ಆ ಸೀಮೆಯಲ್ಲಿ ಯಾರೂ ನಿರೀಕ್ಷಿಸುವುದೂ ಇಲ್ಲ. "ಅವ್ವಂಗೆ ಇಲ್ಲೊಂದು ಕುರ್ಚಿ ಹಾಕಿಸ್ತೀನಿ ಬಿಡ್ರಿ," ಎಂದ ಮಹೇಶ.

ಸಂಜೆ ಬಸ್ಸು ಬಿಳಿಚೋಡು ದಾಟಿ ಮೆಕ್ಕೆಜೋಳದ ಹೊಲಗಳ ನಡುವೆ ಹೋಗುತ್ತಿರುವಾಗ ಮೊಬೈಲ್ ರಿಂಗಾಯಿತು. ನೋಡಿದರೆ ಭಾವನ ಹೆಸರು. ಹೊರಳಲೂ ಇನ್ನೊಬ್ಬರು ಬೇಕಾದ ಮನುಷ್ಯ. ಧ್ವನಿ ಎದುರಿಗೆ ಕೂತು ಆಡಿದಷ್ಟು ಸ್ಪಷ್ಟವಾಗಿತ್ತು.

"ಬಸ್ಸಿನಾಗೆ ಸೀಟು ಸಿಕ್ತೇನಪ್ಪ?"

ಸಿಕ್ಕಿತೆಂದೆ.

"ನಿಮ್ಮಕ್ಕ ಕಣಕ್ಕೆ ಹೋಗ್ಯಾಳೆ, ಪಕ್ಕದ ಮನಿಯಾಕೆ ಹಿತ್ತಲಾಗೆ ಅದಾಳೆ. ಮನಿಯೊಳಗೆ ಸಿಗ್ನಲ್ ಇಲ್ಲ ನೋಡು," ಎಂದರು. "ಪಾಯಿಂಟ್ ಚಲೋ ನೋಡಿಕೊಟ್ಟಿ. ಇಡ್ತೀನಪ್ಪ, ಆಕಿ ಬರಾದ್ರೊಳಗೆ ಇದನ್ನ ಆಫ್ ಮಾಡಬೇಕು."

ಚನ್ನಗಿರಿ ಮುಟ್ಟಿ ಮನೆಯೊಳಗೆ ಬಂದಾಗ ಹೆಂಡತಿ ಅಡುಗೆಮನೆಯಲ್ಲಿ ಸ್ಟೂಲಿನ ಮೇಲೆ ಗೋಡೆಗೊರಗಿ ಕೂತಿದ್ದಳು. ಅವಳ ಮೊಬೈಲು ಅಕ್ಕಿ ಡಬ್ಬದ ಮೇಲೆ ಮಕಾಡೆ ಮಲಗಿತ್ತು. ನನ್ನನ್ನು ಕಂಡು ಗಡಬಡಿಸಿ ಎದ್ದು, "ಒಂದು ಫೋನ್ ಬರಾದಿತ್ತು," ಎಂದಳು.

"ಬರಲಿ, ಕೂತಿರು," ಎಂದು ಪಡಸಾಲೆಗೆ ಬಂದು ಕೂತೆ. ಅಲ್ಲಿ ಸಿಗ್ನಲ್ ಸಿಗುವುದಿಲ್ಲ.