ಕರ್ಚೀಫಿನೊಳಗಿನ ಚಮಚ

ಭಾನುವಾರ ಬೆಳಿಗ್ಗೆ ಆರಕ್ಕೆದ್ದು ಹಾಲಿನ ಪ್ಯಾಕೆಟ್ ಒಳಗೆ ತಂದೆ. ಫಿಲ್ಟರಿಗೆ ಪುಡಿ ಹಾಕಿ ಬಿಸಿನೀರು ಸುರಿದೆ. ರಾತ್ರಿಯ ಪಾತ್ರೆಗಳನ್ನು ನಾನೇ ತೊಳೆದೆ, ಎರಡು ತಿಂಗಳಿಂದ ತೊಳೆಯುತ್ತಿರುವ ಹಾಗೆ. ಮಗಳನ್ನು ಎಬ್ಬಿಸಿ ಟ್ಯೂಷನ್ನಿಗೆ ಕಳಿಸಿದೆ. ಆಮೇಲೆ ಅಡುಗೆಮನೆಯ ಮೂರನೇ ಡ್ರಾಯರಿನ ತಳದಲ್ಲಿದ್ದ ಬೆಳ್ಳಿ ಚಮಚ ತೆಗೆದು, ಕರ್ಚೀಫಿನಲ್ಲಿ ಸುತ್ತಿ, ಹ್ಯಾಂಡ್‌ಬ್ಯಾಗಿನಲ್ಲಿಟ್ಟುಕೊಂಡು ಆರಾಧನೆಗೆ ಹೊರಟೆ.

ಆರಾಧನೆಗೆ ಯಾರಾದರೂ ಚಮಚ ಒಯ್ಯುತ್ತಾರೆಯೇ?

ಹೇಳುತ್ತೇನೆ. ಇಷ್ಟು ಧೈರ್ಯವಾಗಿ ಹೇಳುತ್ತಿರುವುದೇಕೆಂದರೆ, ವಿಶಾಖಪಟ್ಟಣದ ಅಂಚಿನ ಮಧುರವಾಡದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕನ್ನಡ ಓದಬಲ್ಲವರು ನಾನು ಮತ್ತು ನನ್ನ ಗಂಡ ಇಬ್ಬರೇ. (ಮಗಳಿಗೂ ಬಾರದು. ಅವಳು ನಿದ್ದೆಯಲ್ಲಿ ಕನವರಿಸುವುದೂ ತೆಲುಗಿನಲ್ಲೇ.)

ಆ ಚಮಚ ಮಗಳ ದೀಕ್ಷಾಸ್ನಾನಕ್ಕೆ ತುಮಕೂರಿನ ನನ್ನ ಅಜ್ಜಿ ಕೊಟ್ಟದ್ದು. ಎರಡು ತಿಂಗಳ ಹಿಂದೆ ಕಾಣೆಯಾಯಿತು. ಆಗ ನಮ್ಮ ಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದವಳು ಸುವಾರ್ತ. ನಾನು ಅವಳನ್ನು ಕಳ್ಳಿ ಎನ್ನಲಿಲ್ಲ. ಕಾನ್ವೆಂಟಿನಲ್ಲಿ ಓದಿದವರು ಹಾಗೆಲ್ಲ ಎನ್ನುತ್ತೇವೆಯೇ? ಅವಳ ಎದುರಿಗೆ ನಾಲ್ಕು ಸಲ, ಚಮಚ ಕಾಣುತ್ತಿಲ್ಲವಲ್ಲ ಎಂದೆ. ಎದುರು ಫ್ಲ್ಯಾಟಿನ ರಾಜ್ಯಲಕ್ಷ್ಮಿಗಾರು ವಿಚಾರಿಸಿದಾಗ, ನಾನು ಯಾರ ಮೇಲೂ ಹೇಳುವವಳಲ್ಲ ಎಂದೆ. ಅಷ್ಟು ಸಾಕಾಯಿತು. ವಾರದೊಳಗೆ ನಮ್ಮದೂ ಸೇರಿ ಕಟ್ಟಡದ ನಾಲ್ಕು ಮನೆಗಳ ಕೆಲಸವೂ ಅವಳ ಕೈತಪ್ಪಿತು. ವಾಚ್‌ಮನ್ ಅವಳನ್ನು ಗೇಟಿನೊಳಗೆ ಬಿಡುವುದನ್ನೇ ನಿಲ್ಲಿಸಿದ. ನಾನು ಒಮ್ಮೆಯೂ ದನಿ ಏರಿಸಿರಲಿಲ್ಲ.

ಇಪ್ಪತ್ತು ದಿನಗಳ ಹಿಂದೆ ಚಮಚ ವಾಪಸ್ ಬಂತು. ವಿಜಯವಾಡದಿಂದ! ಇವರು ಆಫೀಸಿನ ಕೆಲಸಕ್ಕೆ ವಾರಗಟ್ಟಲೆ ಅಲ್ಲಿನ ಭವಾನಿಪುರಂ ಗೆಸ್ಟ್‌ಹೌಸಿನಲ್ಲಿರುತ್ತಾರೆ. ರೈಲಿಗೆಂದು ಮೊಸರನ್ನದ ಡಬ್ಬಿ ಕಟ್ಟಿಕೊಟ್ಟಾಗ ಅವಸರದಲ್ಲಿ ಅದೇ ಚಮಚವನ್ನು ಹಾಕಿದ್ದವಳು ನಾನು. (ಬೆಳ್ಳಿಯೋ ಸ್ಟೀಲೋ ಎಂದು ನೋಡಿ ಉಣ್ಣುವ ಗಂಡಸರನ್ನು ನಾನಂತೂ ಕಂಡಿಲ್ಲ.) ಗೆಸ್ಟ್‌ಹೌಸಿನ ಅಡುಗೆಯವನು ಅದನ್ನು ತೊಳೆದು, ಪೇಪರಿನಲ್ಲಿ ಸುತ್ತಿ, ಜೋಪಾನವಾಗಿ ಎತ್ತಿಟ್ಟಿದ್ದನಂತೆ.

"ಮೊದಲು ಆ ಸುವಾರ್ತಂಗೆ ಹೇಳ್ಬಿಡು ಕಣೇ" ಎಂದರು ಇವರು. ಹೇಳುತ್ತೇನೆ ಎಂದೆ. ಇಪ್ಪತ್ತು ದಿನವೂ ಹೇಳುತ್ತೇನೆ ಎಂದೆ.

ನಾವು ಹೋಗುವ ಚರ್ಚು ವಿಶಾಖಪಟ್ಟಣದ ಒಳಗಿದೆ. ಬೆಂಚು, ಆರ್ಗನ್, ಇಂಗ್ಲಿಷ್. ಅಲ್ಲಿ ಪಾಪದ ಅರಿಕೆಯೂ ಅಚ್ಚಾಗಿರುತ್ತದೆ. ಎಲ್ಲರೂ ಒಟ್ಟಿಗೆ ಓದುತ್ತೇವೆ. ಯಾರ ಪಾಪ ಯಾವುದೆಂದು ಪಕ್ಕದವರಿಗೆ ತಿಳಿಯುವುದಿಲ್ಲ. ಎಷ್ಟು ಅನುಕೂಲ! ಆದರೆ ಅಂದು ಇವರು ವಿಜಯವಾಡದಲ್ಲಿದ್ದರು, ನನಗೆ ಕಾರು ಓಡಿಸಲು ಬಾರದು. ಹಾಗಾಗಿ ನಮ್ಮ ಕಟ್ಟಡದ ಹಿಂದೆ, ಹಳೇ ಊರಿನಲ್ಲಿರುವ ಶೀಟು ಹೊದಿಸಿದ ಪ್ರಾರ್ಥನಾ ಮಂದಿರಕ್ಕೆ ನಡೆದೆ. (ಕಾರು ನೆಪ. ಸುವಾರ್ತ ಅಲ್ಲಿಗೇ ಹೋಗುತ್ತಾಳೆಂದು ನನಗೆ ಗೊತ್ತಿತ್ತು.)

ಚಪ್ಪಲಿ ಹೊರಗೆ. ಒಳಗೆ ಚಾಪೆ, ಈ ಕಡೆ ಹೆಂಗಸರು, ಆ ಕಡೆ ಗಂಡಸರು. ಪಕ್ಕದ ಮುದುಕಿ ನನ್ನ ಸೆರಗನ್ನು ಎತ್ತಿ ತಲೆಯ ಮೇಲೆ ಹೊದಿಸಿದಳು, ನಾನು ಅವಳ ಸೊಸೆಯೋ ಎಂಬಂತೆ. ಡೋಲಕ್ ಶುರುವಾಯಿತು. ಎಷ್ಟೋ ವರ್ಷಗಳ ಮೇಲೆ ನಾನು ಬಾಯ್ತುಂಬ ಹಾಡಿದೆ. ಹಾಡಿನ ನಡುವೆ ಮೂರನೇ ಸಾಲಿನಿಂದ ಸುವಾರ್ತ ಒಮ್ಮೆ ತಿರುಗಿ ನೋಡಿದಳು. ನಾನು ಹಾಡಿನ ಪುಸ್ತಕ ನೋಡಿದೆ.

ಕರ್ತನ ಭೋಜನಕ್ಕೆ, ಎಂದರೆ ರೊಟ್ಟಿ ಮುರಿದು ಎಲ್ಲರಿಗೂ ಹಂಚುವುದಕ್ಕೆ, ಮುಂಚೆ ಅಲ್ಲೊಂದು ಪದ್ಧತಿ. ಯಾರಿಗೆ ಯಾರ ಮೇಲೆ ಏನಿದೆಯೋ ಎದ್ದುಹೋಗಿ ಸರಿಮಾಡಿಕೊಳ್ಳಬೇಕು. ಅಲ್ಲಿಯವರೆಗೆ ಪಾಸ್ಟರ್ ರೊಟ್ಟಿಯ ಮೇಲಿನ ಬಿಳಿ ಬಟ್ಟೆ ತೆಗೆಯುವುದಿಲ್ಲ. ಯಾರು ಏಳುತ್ತಾರೆ ಎಂದುಕೊಂಡೆ. ಎದ್ದರು! ಬೀದಿ ನಲ್ಲಿಯ ಹತ್ತಿರ ಕಚ್ಚಾಡಿಕೊಂಡಿದ್ದ ಇಬ್ಬರು ಹೆಂಗಸರು ಕೈ ಕೈ ಹಿಡಿದುಕೊಂಡರು. ಒಬ್ಬ ಅಣ್ಣ ಹೋಗಿ ತಮ್ಮನ ಪಕ್ಕದಲ್ಲಿ ಕೂತ.

ನನ್ನ ಕೈ ಬ್ಯಾಗಿನ ಜಿಪ್ ಮೇಲಿತ್ತು. ಎದ್ದು ಎರಡು ಚಾಪೆ ದಾಟಿದರೆ ಆಯಿತು. ಆದರೆ ಬಾಗಿಲ ಬಳಿ ನಮ್ಮ ವಾಚ್‌ಮನ್ ಹೆಂಡತಿ ಕೂತಿದ್ದಳು. ಇವಳೆದುರು ಬೇಡ, ಹೊರಗೆ ಹೋದ ಮೇಲೆ ಹೇಳೋಣ ಎಂದುಕೊಂಡೆ.

ಅಷ್ಟರಲ್ಲಿ ಸುವಾರ್ತಳೇ ಎದ್ದುಬಂದಳು. ನನ್ನ ಮುಂದೆ ಮೊಣಕಾಲೂರಿ ಎರಡೂ ಕೈ ಹಿಡಿದುಕೊಂಡಳು. ಸೋಪಿಗೆ ಬಿರಿದ ಅದೇ ಬೆರಳುಗಳು. ತೆಲುಗಿನಲ್ಲಿ ಅವಳು ಹೇಳಿದ್ದಿಷ್ಟು:

"ಮನ್ನಿಸಿ ಅಮ್ಮಗಾರು. ಎರಡು ತಿಂಗಳಿಂದ ನಿಮಗೆ ಮನಸ್ಸಲ್ಲೇ ಶಾಪ ಹಾಕ್ತಿದ್ದೆ. ಪ್ರಾರ್ಥನೆಗೆ ಕೂತರೆ ನಿಮ್ಮ ಮುಖ ಬಂದು ಬಾಯಿ ಕಟ್ಟಿಹೋಗ್ತಿತ್ತು. ಇವತ್ತು ಬಿಟ್ಟುಬಿಟ್ಟೆ."

ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ನಮಗೆ ಮೊದಲು ಕಲಿಸಿದ್ದೇ ಇದನ್ನು. ಯಾರಾದರೂ ಸಾರಿ ಎಂದರೆ ಅವರನ್ನು ಕಾಯಿಸಬಾರದು. ಮುಗುಳ್ನಕ್ಕು, ತಕ್ಷಣ ಇಟ್ಸ್ ಆಲ್‌ರೈಟ್ ಎನ್ನಬೇಕು. ಮೂವತ್ತು ವರ್ಷಗಳ ಅಭ್ಯಾಸ. ಯೋಚಿಸುವ ಮೊದಲೇ ಬಾಯಿಂದ ಮೆತ್ತಗೆ ಬಂದುಬಿಟ್ಟಿತು:

"ಪರವಾಲೇದಮ್ಮಾ."

ಪರವಾಗಿಲ್ಲವಂತೆ! ಚಮಚ ಬ್ಯಾಗಿನಲ್ಲಿಟ್ಟುಕೊಂಡು ನಾನು ಅವಳನ್ನು ಕ್ಷಮಿಸಿದೆ.

ಕಣ್ಣು ತುಂಬಿತು. ಒರೆಸಿಕೊಳ್ಳಲು ಕರ್ಚೀಫ್ ತೆಗೆಯುವ ಹಾಗಿರಲಿಲ್ಲ. ಸೆರಗಿನಿಂದ ಒರೆಸಿಕೊಂಡೆ. ಪಾಸ್ಟರ್ ಬಟ್ಟೆ ತೆಗೆದರು, ಮನೆಯಲ್ಲಿ ಮಾಡಿದ ದಪ್ಪನೆಯ ರೊಟ್ಟಿಯನ್ನು ಮುರಿದು ಮುರಿದು ಕೊಟ್ಟರು. ನಾನೂ ಕೈಯೊಡ್ಡಿದೆ. ತಿಂದೆ.

ಇನ್ನೂ ನಾಚಿಕೆಗೇಡಿನ ಸಂಗತಿ ಕೇಳಿ. ಹೊರಬಂದಾಗ ನನಗೆ ಹಗುರವಾಗಿತ್ತು. ಹೊಸ ಜೀವ ಬಂದ ಹಾಗಿತ್ತು. ಹಾಡು ಗುನುಗುತ್ತಲೇ ಮನೆಗೆ ನಡೆದೆ. ಸುವಾರ್ತ ಗೇಟಿನವರೆಗೂ ಜೊತೆಗೆ ಬಂದು ಅಲ್ಲೇ ನಿಂತಳು. ಅವಳಿಗೆ ಒಳಗೆ ಪ್ರವೇಶವಿಲ್ಲ ಎಂಬುದು ನನಗೆ ನೆನಪಾದದ್ದು ಲಿಫ್ಟಿನಲ್ಲಿ.

ಮಧ್ಯಾಹ್ನ ಇವರು ಫೋನ್ ಮಾಡಿ, ಹೇಳಿದೆಯಾ ಎಂದು ಕೇಳಿದರು. ಆರಾಧನೆ ತುಂಬ ಚೆನ್ನಾಗಿತ್ತು ಎಂದೆ.

ಸುಳ್ಳೇನಲ್ಲ. ಆ ಶೀಟಿನ ಕೆಳಗೆ ಏನೋ ನಡೆದದ್ದು ನಿಜ. ಅಣ್ಣ ತಮ್ಮನ ಪಕ್ಕ ಕೂತದ್ದು ನಿಜ, ಸುವಾರ್ತಳ ಮುಖ ತೊಳೆದಿಟ್ಟ ಹಾಗೆ ಆದದ್ದು ನಿಜ. ಎದ್ದವರಿಗೆಲ್ಲ ನೆಮ್ಮದಿ ಸಿಕ್ಕಿತು. ನಾನು ಕೂತಲ್ಲೇ ಕೂತು ಅವಳ ಪಾಲಿನದನ್ನು ಸವಿದುಬಂದೆ. ನಮ್ಮಂಥ ಮೆತ್ತನೆಯ ಮಾತಿನವರಿಂದ ಜನರನ್ನು ದೇವರೇ ಕಾಪಾಡಬೇಕು. ಬೈಯುವವರಿಗೆ ವಾಪಸ್ ತೆಗೆದುಕೊಳ್ಳಲು ಆಡಿದ ಮಾತೊಂದಾದರೂ ಇರುತ್ತದೆ. ನಾನು ಯಾವ ಮಾತನ್ನು ವಾಪಸ್ ತೆಗೆದುಕೊಳ್ಳಲಿ? ಆಡಿಯೇ ಇಲ್ಲವಲ್ಲ!

ಸಂಜೆ ಬಟ್ಟೆ ತೆಗೆಯಲು ಟೆರೇಸಿಗೆ ಹೋದೆ. ನಾಳೆ ಎಲ್ಲರನ್ನೂ ಕರೆದು ಹೇಳಿಬಿಡುತ್ತೇನೆ ಎಂದುಕೊಂಡಿದ್ದೆ. (ನಾಳೆ!) ರಾಜ್ಯಲಕ್ಷ್ಮಿಗಾರು ಒಣಗಿದ ಸಂಡಿಗೆಗಳನ್ನು ಡಬ್ಬಿಗೆ ತುಂಬುತ್ತಿದ್ದರು. ವಾಚ್‌ಮನ್ ಹೆಂಡತಿ ಆಗಲೇ ಸುದ್ದಿ ಮುಟ್ಟಿಸಿದ್ದಳು. ತಲೆಯೆತ್ತದೆ, ಸಂಡಿಗೆ ಬಿಡಿಸುತ್ತಲೇ ಕೇಳಿದರು:

"ಅಂತೂ ಆ ಸುವಾರ್ತ ನಿಮ್ಮ ಮುಂದೆ ಮೊಣಕಾಲೂರಿ ಒಪ್ಪಿಕೊಂಡಳಂತಲ್ಲಾಂಡಿ. ಚಮಚ ವಾಪಸ್ ಕೊಟ್ಟಳಾ?"