ಅಕ್ಕೋರ ಕೆಂಪು ಪೆನ್ಸಿಲು

ಅಕ್ಕೋರ ನರೆತ ತುರುಬಿನಲ್ಲಿ ನಾನು ಹೂವು ಕಂಡದ್ದೇ ಇಲ್ಲ. ಅಲ್ಲಿ ಸದಾ ಒಂದು ಕೆಂಪು ಪೆನ್ಸಿಲಿನ ಮೋಟು ಸಿಕ್ಕಿಕೊಂಡಿರುತ್ತಿತ್ತು. ಕಾಚಿಗೂಡದ ನಮ್ಮ ಹಳೆಯ ವಠಾರದಲ್ಲಿ ಎದುರು ಮನೆಯವರು. ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು, ಕಲಬುರಗಿ ಕಡೆಯವರು, ಒಂಟಿ.

ಮಕ್ಕಳೇ, ನಿಮ್ಮ ಅಜ್ಜ ಹೋದ ಸುದ್ದಿ ತಂದವರು ಪಟಾನ್‌ಚೆರುವಿನ ಕಾರ್ಖಾನೆಯಲ್ಲಿ ಅವರ ಜೊತೆ ದುಡಿಯುತ್ತಿದ್ದ ಇಬ್ಬರು. ಮಧ್ಯಾಹ್ನ ಬಾಗಿಲು ಬಡಿದರು. ನಾನು ನಗುತ್ತಲೇ ತೆರೆದೆ. ಅಂದಿನಿಂದ ಯಾರು ಬಾಗಿಲು ಬಡಿದರೂ ನಾನು ತೆರೆಯುತ್ತಿರಲಿಲ್ಲ. ಹಾಲಿನವನು ಬಡಿದು ಬಡಿದು ಹೋಗುತ್ತಿದ್ದ. ಅಕ್ಕೋರು ಮಾತ್ರ ಹೊರಗಿನಿಂದಲೇ ಕೂಗುತ್ತಿದ್ದರು: "ನಾ ಅದೀನಿ, ತಗಿ. ಹುಲಿ ಅಲ್ಲ!"

ಒಳಗೆ ಬಂದು ಅಮೆರಿಕದ ಈ ಕಾಲದ ಲೇಖಕಿಯೊಬ್ಬಳ ಕಥೆ-ಪದ್ಯಗಳ ಪುಸ್ತಕ ತೆರೆದು ಕನ್ನಡದಲ್ಲಿ ಹೇಳುತ್ತಾ ಹೋಗುವರು. ನಾನು ಮೆಂತ್ಯದ ಸೊಪ್ಪು ಸೋಸುತ್ತಾ ಕೇಳುತ್ತಿದ್ದೆ.

"ನಂಗ ತಿಳಿಯೂದಿಲ್ರೀ ಅಕ್ಕೋರ. ಹಳ್ಳಿ ಸಾಲ್ಯಾಗ ಕಲ್ತಾಕಿ ನಾ."

"ಅರ್ಥ ಯಾರ್ ಕೇಳ್ಯಾರ? ನಿನ್ನ ಕೈ ಎಲ್ಲಿ ನಿಂತಿತೋ ಅಲ್ಲೇ ಕತಿ ಐತಿ."

ನನ್ನ ಕೈ ನಿಂತೊಡನೆ ತುರುಬಿನಿಂದ ಪೆನ್ಸಿಲು ಎಳೆದು ಆ ಸಾಲಿನ ಪಕ್ಕ ಗೆರೆ ಹಾಕುವರು. ಪದ್ಯಕ್ಕೂ ಅದೇ ಪದ್ಧತಿ. ಆ ಲೇಖಕಿಯ ಪದ್ಯಗಳು ಒಂದು ಕಡ್ಡಿ ಸೋಸುವಷ್ಟರಲ್ಲಿ ಮುಗಿದುಹೋಗುತ್ತಿದ್ದವು. "ಇನ್ನೊಮ್ಮಿ ಹೇಳ್ರಿ" ಎಂದು ನಾನೇ ಕೇಳುತ್ತಿದ್ದೆ.

ಒಂದು ಕಥೆ ನನ್ನನ್ನು ಬಹಳ ಹೆದರಿಸಿತು. ಹಿಮದ ನಡುವಿನ ಮನೆಯಲ್ಲಿ ಒಬ್ಬ ಹೆಂಗಸು. ದಿನವೂ ಹೆಜ್ಜೆ ಸಪ್ಪಳ ಬಂದು ಬಾಗಿಲ ಮುಂದೆ ನಿಲ್ಲುತ್ತದೆ. ಅವಳು ತೆರೆಯುವುದಿಲ್ಲ. ಒಂದು ದಿನ ಸಪ್ಪಳ ಬರುವುದಿಲ್ಲ. ಅಷ್ಟೇ.

"ಹೊರಗ ಯಾರಿದ್ರು?"

"ಬರದಾಕೀನ ಹೇಳಿಲ್ಲ."

"ಹಿಂಗೂ ಕತಿ ಮುಗಸ್ತಾರೇನ್ರೀ? ನಮ್ಮವ್ವ ಆಗಿದ್ರ ಎಲ್ಲಾ ಹೇಳೇ ಮಲಗಸ್ತಿದ್ಲು."

ಅಕ್ಕೋರು ನಕ್ಕರು. "ಹೊರಗಿನವರ್ನ ಬಿಡು. ಒಳಗಿದ್ದಾಕಿ ಬಗ್ಗೆ ಕೇಳು."

ಕೆಲವು ದಿನಗಳ ಮೇಲೆ, ಮಧ್ಯಾಹ್ನ, ಬಾಗಿಲು ಬಡಿದ ಸಪ್ಪಳ. ಕೂಗಿಲ್ಲ. ನಿಮ್ಮ ಅಪ್ಪ ಬೈಕಿನಲ್ಲಿ ದಿಲ್‌ಸುಖ್‌ನಗರಕ್ಕೆ ಹೋಗಿದ್ದ. ಮತ್ತೆ ಇಬ್ಬರು ಬಂದು ನಿಂತಿರಬಹುದೇ? ಚಿಲಕದ ಮೇಲೆ ಕೈಯಿಟ್ಟು ಕಲ್ಲಾಗಿ ನಿಂತೆ. ಇನ್ನೊಮ್ಮೆ ಬಡಿತ, ಈ ಸಲ ಮೆಲ್ಲಗೆ, ಬಾಗಿಲಿನ ಕೆಳಗಿನಿಂದ. ಹಿಮದ ಮನೆಯ ಹೆಂಗಸು ನೆನಪಾದಳು. ಅವಳ ಬಾಗಿಲಿಗೆ ಆ ಸಪ್ಪಳ ಮತ್ತೆ ಬಂದಿರಲಿಲ್ಲ. ಚಿಲಕ ಎಳೆದೆ.

ಅಕ್ಕೋರು ಹೊಸ್ತಿಲಲ್ಲಿ ಕುಸಿದಿದ್ದರು. ಲಕ್ವ ಹೊಡೆದು ಬಾಯಿ ಒಂದು ಕಡೆ ಎಳೆದುಕೊಂಡಿತ್ತು. ಕೂಗಲು ದನಿಯೇ ಇರಲಿಲ್ಲ. ಯಾರ ಮುಂದೆಯೂ ತಲೆ ಎತ್ತದ ನಾನು ಬೀದಿಗೆ ಓಡಿ, ಬಂದಷ್ಟು ತೆಲುಗಿನಲ್ಲಿ ಬನ್ನಿ, ಬನ್ನಿ ಎಂದು ಕಿರುಚಿದೆ: "ಆಟೋ! ರಂಡಿ ಬಾಬೂ, ರಂಡಿ!"

ಜೀವ ಉಳಿಯಿತು, ಮಾತು ಮರಳಲಿಲ್ಲ. ಆಮೇಲೆ ಅವರಿಂದ ಕೇಳಿದ್ದ ಕಥೆಗಳನ್ನು ನಾನು ನೆನಪಿನಿಂದ ಹೇಳುತ್ತಿದ್ದೆ, ಅಕ್ಕೋರು ಒಂದೇ ಕೈಯಲ್ಲಿ ಸೊಪ್ಪು ಸೋಸುತ್ತಿದ್ದರು. ಹಿಮದ ಕಥೆ ಹೇಳಿದ ದಿನ, "ಅವಳು ತೆರೆಯಲಿಲ್ಲ" ಎಂಬಲ್ಲಿ ಆ ಕೈ ನಿಂತಿತು. ಪುಸ್ತಕ ತೆರೆದು ಹಿಡಿದೆ. ಅವರು ಬೆರಳಿಟ್ಟು ತೋರಿಸಿದ ಸಾಲಿನ ಪಕ್ಕ, ಅವರ ತುರುಬಿನ ಪೆನ್ಸಿಲು ತೆಗೆದು ನಾನೇ ಗೆರೆ ಎಳೆದೆ.

ಆ ಚಳಿಗಾಲದಲ್ಲಿ ಅಕ್ಕೋರು ತೀರಿಕೊಂಡರು. ಪುಸ್ತಕ ನನ್ನ ಹತ್ತಿರವಿದೆ. ನಿಮಗೆ ಇಂಗ್ಲಿಷ್ ಬರುತ್ತದೆ, ಓದಿರಿ. ಬಾಗಿಲು ಬಡಿದರೆ ಈಗಲೂ ಕಾರ್ಖಾನೆಯ ಆ ಇಬ್ಬರು ನೆನಪಾಗುತ್ತಾರೆ. ಎದ್ದು ಹೋಗಿ ತೆರೆಯುತ್ತೇನೆ.