ಕೆಡ್ಡಸದ ಮೂರು ದಿನ, ಒಂಬತ್ತು ಮರ

ನನ್ನ ಗಂಡ ಅಣ್ಣು ಗಲ್ಫಿನ ಅಲ್ ವಕ್ರಾದ ಒಂದು ಪಾರ್ಕಿನಲ್ಲಿ ಹತ್ತೊಂಬತ್ತು ವರ್ಷ ಮಾಲಿಯಾಗಿದ್ದರು. ನಮ್ಮ ಊರು ಮುಲ್ಕಿಯ ಹತ್ತಿರ. ಅವರು ಬಂದಾಗ ಪಾರ್ಕಿನಲ್ಲಿ ಮರಳು ಮತ್ತು ಬೇಲಿ, ಅಷ್ಟೇ. ಮೂವತ್ತೊಂದು ಬೇವಿನ ಸಸಿ ನೆಟ್ಟರು. ಪೈಪ್ ಬರುವ ತನಕ ಕ್ಯಾನಿನಲ್ಲಿ ನೀರು ಹೊತ್ತರು. ಮನುಷ್ಯರ ಹತ್ತಿರ ಮಾತು ಕಡಿಮೆ. ಮರಗಳಿಗೆ ಬೈಯುತ್ತಿದ್ದರು. ಎಲೆ ಹಳದಿಯಾದರೆ, "ಕುಡಿದದ್ದೆಲ್ಲ ಎಲ್ಲಿಗೆ ಹೋಯ್ತು, ಸೋಮಾರಿ?" ಎನ್ನುತ್ತಿದ್ದರು.

ಅವರಿಗೆ ಕಂಪನಿಯ ಕ್ಯಾಂಪಿನಲ್ಲಿ ಒಂದು ಮಂಚ. ನಾನು ಅಲ್ ವಕ್ರಾದಲ್ಲೇ ಎಡ್ನಾ ಬಾಯಿಯ ಮನೆಯಲ್ಲಿ ಅಡುಗೆಗೆ. ಬಾಯಿ ಉಡುಪಿ ಕಡೆಯವರು, ಆಫೀಸಿನಲ್ಲಿ ಕೆಲಸ. ಶುಕ್ರವಾರ ಬುತ್ತಿ ಕಟ್ಟಿಕೊಂಡು ಪಾರ್ಕಿಗೆ ಹೋಗುತ್ತಿದ್ದೆ. ಗೇಟಿನ ಬಳಿ ಬೇವಿನ ಕೆಳಗೆ ಒಂದು ಬೆಂಚು. ನಮ್ಮ ಸಂಸಾರ ನಡೆದದ್ದು ಆ ಬೆಂಚಿನ ಮೇಲೆ. ಜಗಳವೂ ಅಲ್ಲೇ. ಮಕ್ಕಳಿಲ್ಲ.

ಹೊಸ ಕಾನೂನು ಬಂದದ್ದನ್ನು ಬಾಯಿ ಪೇಪರಿನಲ್ಲಿ ಓದಿ ಹೇಳಿದರು.

"ಉಮಾ, ಇನ್ನು ಸರ್ಕಾರದ ಪಾರ್ಕನ್ನು ಖಾಸಗಿಯವರಿಗೆ ಲೀಸಿಗೆ ಕೊಡ್ಬಹುದಂತೆ. ಹೋಟೆಲು, ಅಂಗಡಿ ಎಲ್ಲ ಕಟ್ಬಹುದಂತೆ."

"ಮರ ಎಂತ ಮಾಡ್ತಾರೆ ಬಾಯಿ?"

"ಮರದ್ದು ಇದ್ರಲ್ಲಿ ಇಲ್ಲ."

ಮರದ್ದು ಲೀಸಿನ ಕಾಗದದಲ್ಲಿತ್ತು. ಹೊಸ ಕಂಪನಿ ಜಾಗ ವಹಿಸಿಕೊಳ್ಳುವ ದಿನದೊಳಗೆ ಮರಗಳನ್ನು ಬೇರು ಸಮೇತ ಕಿತ್ತು ಸರ್ಕಾರದ ಇನ್ನೊಂದು ಪಾರ್ಕಿಗೆ ಸಾಗಿಸಬೇಕು. ಆಮೇಲೆ ನೆಲದಲ್ಲಿ ಉಳಿದದ್ದೆಲ್ಲ ಕಂಪನಿಯದ್ದು. ಇವರ ಸೂಪರ್‌ವೈಸರ್ ಅಬ್ದುಲ್ ಮಜೀದ್ ಒಂದೇ ಮಾತು ಹೇಳಿದ. "ಅಣ್ಣು, ಮೂವತ್ತೊಂದು ಮರ ಅಲ್ಲಿ ಮುಟ್ಟಿದ್ರೆ ಅದರ ಒಟ್ಟಿಗೆ ನಿನಗೂ ಕೆಲಸ ಉಂಟು. ಒಂದು ಕಮ್ಮಿ ಆದ್ರೆ ಬೇರೆಯವ ಬರ್ತಾನೆ. ನಿನ್ನ ವೀಸಾ ಖಲಾಸ್."

ಮರ ಕೀಳುವುದು ನಿಧಾನದ ಕೆಲಸ. ಸುತ್ತ ಅಗೆದು, ಬೇರಿನ ಉಂಡೆಗೆ ಒದ್ದೆ ಗೋಣಿ ಸುತ್ತಿ, ಕ್ರೇನಿನಲ್ಲಿ ಎತ್ತಬೇಕು. ಇಪ್ಪತ್ತೆರಡು ಮರ ಹೋಯಿತು. ಒಂಬತ್ತು ಉಳಿಯಿತು. ಶುಕ್ರ, ಶನಿ, ಭಾನುವಾರ ಬಾಕಿ. ದಿನಕ್ಕೆ ಮೂರು. ಸೋಮವಾರ ಬೆಳಿಗ್ಗೆ ಹೊಸ ಕಂಪನಿ ಬರುತ್ತದೆ.

ಆ ಮೂರು ದಿನ ಕೆಡ್ಡಸ. ಭೂಮಿ ತಾಯಿ ಮುಟ್ಟಾಗುವ ದಿನಗಳು. ತುಳುನಾಡಿನಲ್ಲಿ ಆಗ ಯಾರೂ ನೆಲ ಅಗೆಯುವುದಿಲ್ಲ. ಕೊನೆಯ ದಿನ ಹೆಂಗಸರು ನೆಲಕ್ಕೆ ಎಣ್ಣೆ ಬಿಡುತ್ತಾರೆ. ಇವರೂ ಪ್ರತಿ ವರ್ಷ ಆ ಮೂರು ದಿನ ಪೈಪ್ ರಿಪೇರಿ ಮಾಡಿ, ಎಲೆ ಗುಡಿಸಿ, ಅಗೆಯುವ ಪಿಕ್ಕಾಸು ಮುಟ್ಟದೆ ಕಳೆಯುತ್ತಿದ್ದರು.

ಶುಕ್ರವಾರ ನಾನು ಹೋದಾಗ ಪಿಕ್ಕಾಸು ಕೈಯಲ್ಲಿತ್ತು.

"ಎಂತ ಮಾಡ್ತೀರಿ? ಇವತ್ತು ಕೆಡ್ಡಸ."

"ಇದು ಊರಿನ ಮಣ್ಣಾ? ಮರಳು ಮಾರಾಯ್ತಿ. ಮರಳಿಗೆ ಎಂಥ ಕೆಡ್ಡಸ?"

"ಮಣ್ಣು ಎಲ್ಲಿದ್ರೂ ಹೆಣ್ಣೇ. ಹತ್ತೊಂಬತ್ತು ವರ್ಷ ಅನ್ನ ಕೊಟ್ಟಿದ್ದಾಳೆ. ಈಗ ಹೊಟ್ಟೆಗೆ ಕುತ್ತುದಾ?"

"ಮತ್ತೆ ಸೋಮವಾರ ಯಾರು ಕೀಳುದು? ನಿನ್ನ ಅಪ್ಪನಾ?"

ನನಗೂ ಹಟ ಬಂತು. ಹೊಸ ಕಂಪನಿಯ ಸೈಟ್ ನೋಡುವ ವಿಕಾಸ್ ಪಡುಬಿದ್ರಿಯವನು, ನಮ್ಮವನು. ಅವನಿಗೆ ನಾನೇ ಸ್ಪೀಕರ್ ಹಾಕಿ ಫೋನ್ ಮಾಡಿದೆ.

"ಅಯ್ಯೋ ಅಕ್ಕ, ನನ್ನ ಅಮ್ಮ ಈಗ ಊರಲ್ಲಿ ಎಣ್ಣೆ ತೆಗೆದಿಟ್ಟಿರ್ತಾರೆ. ಮೂರು ದಿನ ಬಿಡಿ. ಸೋಮವಾರದಿಂದ ಆರಾಮಾಗಿ ಕೀಳ್ಲಿ. ಮಿಷನ್ ಬರುದು ಗುರುವಾರ."

"ಕೇಳಿದ್ರಲ್ಲ?" ಎಂದೆ. ಇವರು ಪಿಕ್ಕಾಸು ಇಟ್ಟು ನನ್ನ ಪಕ್ಕ ಬೆಂಚಿನಲ್ಲಿ ಕುಳಿತರು. ನಾನು ತಂದ ಹುರಿಯಕ್ಕಿ ಹಿಟ್ಟು, ಬೆಲ್ಲ ತಿಂದರು. ಭಾನುವಾರ ಸಂಜೆ ಗೇಟಿನ ಬೇವಿನ ಬುಡಕ್ಕೆ ನಾನು ಎಣ್ಣೆ ಬಿಟ್ಟೆ.

ಸೋಮವಾರ ಬೆಳಿಗ್ಗೆ ಆರು ಗಂಟೆಗೆ ಇವರ ಫೋನ್ ಬಂತು. "ಬಾ" ಎಂದರು, ಅಷ್ಟೇ. ಓಡಿದೆ. ಸುತ್ತ ತಗಡು ನಿಲ್ಲಿಸುತ್ತಿದ್ದರು. ಒಳಗೆ ಮಿಷನ್ ಇತ್ತು. ಐದು ಮರ ಆಗಲೇ ಬಿದ್ದಿತ್ತು. ಆರನೆಯದನ್ನು ಸೊಂಟದಲ್ಲಿ ಹಿಡಿದು ತಿರುಚುತ್ತಿತ್ತು. ಇವರು ತಗಡಿಗೆ ಕೈ ಊರಿ ನಿಂತಿದ್ದರು.

ವಿಕಾಸ್ ಹಳದಿ ಟೊಪ್ಪಿ ಹಾಕಿಕೊಂಡು ಬಂದ.

"ಗುರುವಾರ ಅಂತ ಹೇಳಿದ್ಯಲ್ಲ ಮಗಾ?" ಎಂದೆ.

"ಅಕ್ಕ, ಕೆಡ್ಡಸ ಎಗ್ರಿಮೆಂಟಿನಲ್ಲಿ ಉಂಟಾ? ತೋರಿಸಿ." ಹಿಂದೆ ಇದ್ದವರು ನಕ್ಕರು. ಅವನು ಇವರ ಹೆಗಲು ತಟ್ಟಿದ. "ಬೇಜಾರ್ ಮಾಡ್ಬೇಡಿ ಅಣ್ಣು. ಭೂಮಿ ನಿನ್ನೆಯೇ ಮಿಂದಾಯ್ತಲ್ಲ. ಇವತ್ತು ಅಗೆದ್ರೆ ದೋಷ ಇಲ್ಲ."

ಇವರು ಅವನ ಕೈ ಸರಿಸಿದರು. ನನ್ನ ಕಡೆ ತಿರುಗಿದರು. "ನಿನ್ನ ಭೂಮಿ ತಾಯಿಗೆ ಹೇಳು, ಎದ್ದು ಬಂದು ನೋಡ್ಲಿ."

ಗೇಟಿನ ಬೇವು ಕೊನೆಗೆ ಬಿತ್ತು. ಬೆಂಚು ಅದರ ಕೆಳಗೆ ಮುರಿಯಿತು.

ಮಜೀದ್ ಲೆಕ್ಕದ ಮನುಷ್ಯ. ಇಪ್ಪತ್ತೆರಡು ಮರ, ಬೇರೆ ಮಾಲಿ. ವೀಸಾ ಕ್ಯಾನ್ಸಲ್ ಆಯಿತು, ಟಿಕೆಟ್ ಬಂತು. ಇವರು ನನ್ನ ಫೋನ್ ಎತ್ತಲಿಲ್ಲ. ಶುಕ್ರವಾರ ಕ್ಯಾಂಪಿನ ಬಾಗಿಲಿಗೆ ಹೋದೆ, ಹೊರಗೆ ಬರಲಿಲ್ಲ. ಹನ್ನೊಂದನೆಯ ದಿನ ಬ್ಯಾಗಿಗೆ ಹಗ್ಗ ಕಟ್ಟುವಾಗ ಮಂಚದ ಮೇಲೆ ಬಿದ್ದರಂತೆ. ಎದೆ ಬಡಿತ ನಿಂತಿತ್ತು. ಇವರ ಕಂಪನಿ ಕೊಟ್ಟ ಟಿಕೆಟ್ ಉಪಯೋಗಕ್ಕೆ ಬರಲಿಲ್ಲ. ಅದು ಜೀವ ಇದ್ದವರ ಟಿಕೆಟ್ ಅಂತೆ, ಹೆಣದ ಪೆಟ್ಟಿಗೆಗೆ ಬೇರೆ ಕಾಗದ ಬೇಕಂತೆ. ಎಡ್ನಾ ಬಾಯಿ ಮೂರು ಆಫೀಸು ಅಲೆದರು.

ಊರಲ್ಲಿ ಸುಟ್ಟು, ಉತ್ತರಕ್ರಿಯೆಯ ಬೊಜ್ಜ ಮುಗಿಸಿ ನಾನು ವಾಪಸ್ ಬಂದೆ. ಅಲ್ಲಿ ನನಗೆ ಯಾರಿದ್ದಾರೆ?

ಈಗ ಪಾರ್ಕಿನ ಜಾಗದಲ್ಲಿ ಕಾಫಿ ಅಂಗಡಿಗಳು. ನೆಲಕ್ಕೆಲ್ಲ ಟೈಲ್ಸ್. ಕುಂಡಗಳಲ್ಲಿ ಪ್ಲಾಸ್ಟಿಕ್ ಗಿಡ. ಈ ಸಲ ಕೆಡ್ಡಸದ ದಿನ ಬಾಯಿ ಕೇಳಿದರು, "ಉಮಾ, ಎಣ್ಣೆ ಬೇಕಾ?"

"ಬೇಡ ಬಾಯಿ."

ಬಾಲ್ಕನಿಗೆ ಹೋದೆ. ಅಲ್ಲಿ ಬಾಯಿಯ ತುಳಸಿ ಕುಂಡ ಇದೆ, ಕೆಮ್ಮಿಗೆ ಎಲೆ ಬೇಕೆಂದು ಇಟ್ಟದ್ದು. ಅಡುಗೆ ಚೂರಿ ಹಾಕಿ ಮಣ್ಣನ್ನು ತಳದ ತನಕ ಅಗೆದೆ. ಬೇರು ತುಂಡಾಯಿತು. ರಕ್ತ ಏನೂ ಬರಲಿಲ್ಲ. ಅವರು ಆ ಮೂರು ದಿನ ಅಗೆದಿದ್ದರೂ ಬರುತ್ತಿರಲಿಲ್ಲ.